‘ಎಕ್ಸ್’ ಗುಮ್ಮನನ್ನು ಓಡಿಸಲು ಹಳೇ ತಕ್ಕಡಿ ಸಾಕು
ಸಾಲಿ ಹುಡುಗರ ಬೀಜಗಣಿತಕ್ಕೆ ಗಂಜ್‌ನವರೂ ಕೈ ಹಚ್ಚಬಹುದು

ಕಲಬುರಗಿ: ಐದಾರನೇ ಕ್ಲಾಸಿನವರೆಗೆ ಮಗ್ಗಿ ಒಪ್ಪಿಸುವುದರಲ್ಲಿ ಮುಂದಿದ್ದ ಹುಡುಗ ಏಳಕ್ಕೆ ಬಂದ ಮೇಲೆ ಲೆಕ್ಕದಲ್ಲಿ ಯಾಕೆ ಹಿಂದೆ ಬಿದ್ದ? ಸೂಪರ್ ಮಾರ್ಕೆಟ್‌ನ ಅಂಗಡಿ ಕಟ್ಟೆಯ ಮೇಲಾಗಲಿ, ಸೇಡಂ, ಚಿತ್ತಾಪುರ, ಜೇವರ್ಗಿ ಬಸ್ಸುಗಳಲ್ಲಾಗಲಿ ತಂದೆ ತಾಯಂದಿರ ಈ ದೂರು ಹೊಸದಲ್ಲ. ‘ಎಲ್ಲಾ ಬರ್ತಿತ್ರಿ, ಅದ್ಯಾವುದೋ ಎಕ್ಸ್ ಅಂತ ಬಂತು ನೋಡ್ರಿ, ಅವತ್ತಿನಿಂದ ಕೆಟ್ಟ’ ಎನ್ನುವವರೇ ಹೆಚ್ಚು.

ಆ ‘ಎಕ್ಸ್’ ಬರುವುದು ಸರಳ ಸಮೀಕರಣ ಎಂಬ ಪಾಠದಲ್ಲಿ. ಹೆಸರಿನಲ್ಲಿ ಸರಳ ಇದೆ. ಹುಡುಗರ ಪಾಲಿಗೆ ಮಾತ್ರ ಅದು ಮೊದಲ ದೊಡ್ಡ ದಿನ್ನೆ. ಹತ್ತಿದವರು ಹತ್ತಿದರು, ಜಾರಿದವರು ಹತ್ತನೇ ಕ್ಲಾಸಿನವರೆಗೂ ಜಾರುತ್ತಲೇ ಹೋಗುತ್ತಾರೆ. ಯಾಕೆಂದರೆ ಮುಂದೆ ಬರುವ ಬಡ್ಡಿ ಲೆಕ್ಕ, ಶೇಕಡಾ ಲೆಕ್ಕ, ವೇಗ-ದೂರದ ಲೆಕ್ಕ, ವಿಜ್ಞಾನದಲ್ಲಿ ಬರುವ ಓಮ್‌ನ ನಿಯಮ, ಹತ್ತನೇ ಕ್ಲಾಸಿನ ವರ್ಗ ಸಮೀಕರಣ ಎಲ್ಲಕ್ಕೂ ಅಡಿಪಾಯ ಇದೇ.

2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆಯ ಫಲಿತಾಂಶ ಶೇಕಡಾ 42.43. ರಾಜ್ಯದ ಪಟ್ಟಿಯಲ್ಲಿ ಕಟ್ಟಕಡೆಯ ಸ್ಥಾನ. ಅದೇ ಪಟ್ಟಿಯ ತಲೆಯಲ್ಲಿದ್ದ ದಕ್ಷಿಣ ಕನ್ನಡದ್ದು ಶೇಕಡಾ 91.12. ಇದಕ್ಕೆ ಗಣಿತವೊಂದೇ ಕಾರಣ ಎಂದು ಯಾರೂ ಹೇಳಲಾರರು. ಬಡತನವಿದೆ, ಗುಳೇ ಹೋಗುವ ಕುಟುಂಬಗಳಿವೆ, ತೊಗರಿ ರಾಶಿಯ ಕಾಲಕ್ಕೆ ಹೊಲಕ್ಕೆ ಹೋಗುವ ಮಕ್ಕಳಿದ್ದಾರೆ. ಅವೆಲ್ಲ ದೊಡ್ಡ ಸರ್ಕಾರಗಳು ಬಗೆಹರಿಸಬೇಕಾದ ಮಾತು. ಆದರೆ ಏಳನೇ ಕ್ಲಾಸಿನ ಒಂದು ಪಾಠವನ್ನು ಸರಿಯಾಗಿ ದಾಟಿಸುವುದು ದೊಡ್ಡ ಸರ್ಕಾರದ ಕೆಲಸವಲ್ಲ. ಅದು ಮಾಸ್ತರ ಕೈಯಲ್ಲೂ ಇದೆ, ಮನೆಯವರ ಕೈಯಲ್ಲೂ ಇದೆ. ಕಿರಾಣಿ ಅಂಗಡಿಯವರ ಅಟ್ಟದ ಮೇಲೂ ಇದೆ ಎಂದರೆ ತಪ್ಪಾಗಲಾರದು. ಅದು ಹೇಗೆ ಎಂಬುದೇ ಇಲ್ಲಿನ ವಿಷಯ.

ಎರಡು ಗೀಟಿನ ಚಿಹ್ನೆ

ಹುಡುಗರು ಎಡವುವುದು ‘ಎಕ್ಸ್’ ಮೇಲೆ ಎಂದು ಎಲ್ಲರೂ ತಿಳಿದಿದ್ದಾರೆ. ಬಲ್ಲವರು ಹೇಳುವುದು ಬೇರೆ. ಎಡವುವುದು ಅದರ ಪಕ್ಕದಲ್ಲಿರುವ ‘=’ ಎಂಬ ಎರಡು ಗೀಟಿನ ಮೇಲೆ.

ಒಂದನೇ ಕ್ಲಾಸಿನಿಂದ ಮಗು ಬರೆಯುತ್ತಾ ಬಂದದ್ದು 5 + 3 = 8, 9 - 2 = 7. ಪ್ರತಿ ಸಲವೂ ಗೀಟಿನ ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಐದಾರು ವರ್ಷ ಹೀಗೇ ಬರೆದ ಮೇಲೆ ಮಗುವಿನ ತಲೆಯಲ್ಲಿ ಆ ಚಿಹ್ನೆಗೆ ಒಂದೇ ಅರ್ಥ ಉಳಿಯುತ್ತದೆ: ‘ಈಗ ಉತ್ತರ ಬರೀ’. ಕ್ಯಾಲ್ಕುಲೇಟರ್ ಕೂಡ ಅದನ್ನೇ ಕಲಿಸಿತು. ‘=’ ಗುಂಡಿ ಒತ್ತಿದರೆ ಉತ್ತರ ಬರುತ್ತದೆ.

ನಿಮ್ಮ ಮನೆಯ ಮಗುವಿಗೆ ಈ ಲೆಕ್ಕ ಕೊಟ್ಟು ನೋಡಿ: 8 + 4 = ಖಾಲಿ ಮನೆ + 5. ಖಾಲಿ ಮನೆಯಲ್ಲಿ ಎಷ್ಟು ಬರೆಯಬೇಕು? ಬಹಳ ಮಕ್ಕಳು 12 ಎಂದು ಬರೆದು ಪೆನ್ಸಿಲ್ ಕೆಳಗಿಡುತ್ತಾರೆ. ಕೆಲವರು ಎಲ್ಲವನ್ನೂ ಕೂಡಿಸಿ 17 ಎನ್ನುತ್ತಾರೆ. ಸರಿ ಉತ್ತರ 7. ಎಡಗಡೆ 12 ಇದೆ, ಬಲಗಡೆಯೂ 12 ಆಗಬೇಕು, 5 ಆಗಲೇ ಇದೆ, ಇನ್ನು 7 ಬೇಕು.

ಇದು ನಮ್ಮ ಮಕ್ಕಳ ದಡ್ಡತನ ಎಂದು ಯಾರೂ ತಿಳಿಯಬೇಕಾಗಿಲ್ಲ. ಅಮೆರಿಕದಲ್ಲಿ ಇದೇ ಲೆಕ್ಕವನ್ನು ಆರನೇ ಕ್ಲಾಸಿನ 145 ಮಕ್ಕಳಿಗೆ ಕೊಟ್ಟಿದ್ದರು. 1999ರಲ್ಲಿ ಫಲಿತಾಂಶ ಪ್ರಕಟವಾಯಿತು. 7 ಎಂದು ಬರೆದವರು ಒಬ್ಬರೂ ಇಲ್ಲ! ನೂರಕ್ಕೆ 84 ಮಕ್ಕಳು 12 ಎಂದರು, 14 ಮಕ್ಕಳು 17 ಎಂದರು.

ಆ ಎರಡು ಗೀಟು ಹುಟ್ಟಿದ್ದಾದರೂ ಹೇಗೆ? 1557ರಲ್ಲಿ ರಾಬರ್ಟ್ ರೆಕಾರ್ಡ್ ಎಂಬ ವೇಲ್ಸ್ ದೇಶದ ವೈದ್ಯ ತನ್ನ ಗಣಿತದ ಪುಸ್ತಕದಲ್ಲಿ ಮೊದಲು ಬಳಸಿದ. ಒಂದೇ ಉದ್ದದ ಎರಡು ಗೆರೆಗಳಿಗಿಂತ ಹೆಚ್ಚು ಸಮವಾದ ವಸ್ತು ಬೇರೊಂದಿಲ್ಲ ಎಂಬುದು ಅವನ ವಾದ. ಅಂದರೆ ಅದರ ಅರ್ಥ ‘ಉತ್ತರ’ ಅಲ್ಲ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ‘ಎರಡೂ ಕಡಿ ಬರಾಬರಿ’. ಈ ಬರಾಬರಿ ತಲೆಗೆ ಹೋಗದೆ ‘ಎಕ್ಸ್’ ಕೊಟ್ಟರೆ ಹುಡುಗ ಏನು ಮಾಡಿಯಾನು?

ಬರಾಬರಿ ಕಲಿಸಲು ತಕ್ಕಡಿಗಿಂತ ಒಳ್ಳೆಯ ಮಾಸ್ತರ ಇಲ್ಲ. ತಕ್ಕಡಿಯ ಚಿತ್ರ ಪಠ್ಯಪುಸ್ತಕಗಳಲ್ಲೂ ಬರುತ್ತದೆ. ತೊಂದರೆ ಏನೆಂದರೆ ಚಿತ್ರದ ತಕ್ಕಡಿ ಬಾಗುವುದಿಲ್ಲ. ಇನ್ನು ಅಂಗಡಿಗಳಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಬಂದು ಕೂತಿದೆ. ಮೇಲೆ ಇಟ್ಟರೆ ಅಂಕಿ ತೋರಿಸುತ್ತದೆ, ಅಷ್ಟೇ. ಎರಡು ತಟ್ಟೆ, ನಡುವೆ ಮುಳ್ಳು, ಒಂದು ಕಡೆ ಕಲ್ಲು, ಒಂದು ಕಡೆ ಬೆಲ್ಲ, ಇದನ್ನು ಕೈಯಲ್ಲಿ ಹಿಡಿದು ನೋಡದ ಮಕ್ಕಳ ಕಾಲ ಇದು.

ಮೂರು ಚೀಲ, ನಾಲ್ಕು ನಟ್ಟು

ತಕ್ಕಡಿಯಿಂದ ಪಾಠ ಶುರು ಮಾಡುವ ಮಾಸ್ತರರೂ ಇದ್ದಾರೆ. ಖರ್ಚಿಲ್ಲದ ಪಾಠ. ಒಂದು ಹಳೇ ತಕ್ಕಡಿ, ಹಾರ್ಡ್‌ವೇರ್ ಅಂಗಡಿಯಿಂದ ಒಂದೇ ಸೈಜಿನ ಮೂವತ್ತು ನಲವತ್ತು ನಟ್ಟು, ಒಂದೇ ಅಳತೆಯ ಪುಟ್ಟ ಬಟ್ಟೆ ಚೀಲ ಅರ್ಧ ಡಜನ್. ಇಷ್ಟಿದ್ದರೆ ಸಾಕು.

ಮಕ್ಕಳಿಗೆ ಕಾಣದಂತೆ ಮೂರು ಚೀಲಗಳಲ್ಲಿ ತಲಾ ಐದು ನಟ್ಟು ತುಂಬಿ ಬಾಯಿ ಕಟ್ಟುವುದು. ಎಡ ತಟ್ಟೆಯಲ್ಲಿ ಆ ಮೂರು ಚೀಲ, ಜೊತೆಗೆ ನಾಲ್ಕು ಬಿಡಿ ನಟ್ಟು. ಬಲ ತಟ್ಟೆಯಲ್ಲಿ 19 ಬಿಡಿ ನಟ್ಟು. ಬಟ್ಟೆಯ ತೂಕ ಸರಿದೂಗಲೆಂದು ಬಲಕ್ಕೆ ಮೂರು ಖಾಲಿ ಚೀಲವನ್ನೂ ಇಡಬೇಕು. ಖಾಲಿ ಡಬ್ಬಿಯ ತೂಕ ಸರಿದೂಗಿಸಿ ಎಣ್ಣೆ ಅಳೆದ ಅಂಗಡಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮುಳ್ಳು ನಟ್ಟನಡುವೆ ನಿಂತಿತು. ಪ್ರಶ್ನೆ ಒಂದೇ: ಚೀಲ ಬಿಚ್ಚದೆ ಒಂದೊಂದರಲ್ಲಿ ಎಷ್ಟು ನಟ್ಟು ಇವೆ ಹೇಳಬೇಕು.

‘ಬಿಡಿ ನಾಕು ತಗೀರಿ ಸರ್’ ಎಂದು ಯಾವನೋ ಒಬ್ಬ ಹುಡುಗ ಕೂಗಿಯೇ ಕೂಗುತ್ತಾನೆ. ಎಡದಿಂದ ನಾಲ್ಕು ತೆಗೆದರೆ ಬಲ ತಟ್ಟೆ ದಡಕ್ಕನೆ ಕೆಳಗೆ. ‘ಒಂದೇ ಕಡಿ ತಗದ್ರ ಬಾಗ್ತದ ಸರ್, ಆ ಕಡೀನೂ ನಾಕು ತಗೀಬೇಕು!’ ಬಲದಿಂದಲೂ ನಾಲ್ಕು ತೆಗೆದರೆ ಮುಳ್ಳು ಮತ್ತೆ ನಡುವೆ. ಈಗ ಮೂರು ಚೀಲ ಒಂದು ಕಡೆ, 15 ನಟ್ಟು ಇನ್ನೊಂದು ಕಡೆ. ಹದಿನೈದನ್ನು ಮೂರು ಪಾಲು ಮಾಡಿದರೆ ಚೀಲಕ್ಕೆ ಐದು. ಚೀಲ ಬಿಚ್ಚಿ ಎಣಿಸಿದರೆ ಐದೇ!

ಇಷ್ಟಾದ ಮೇಲೆ ಹಲಗೆಯ ಮೇಲೆ ಬರೆಯುವುದು:

3 ಎಕ್ಸ್ + 4 = 19
3 ಎಕ್ಸ್ = 15
ಎಕ್ಸ್ = 5

ಈ ಮೂರು ಸಾಲು ಈಗ ಮಂತ್ರವಲ್ಲ. ಕೈಯಲ್ಲಿ ಮಾಡಿದ ಕೆಲಸದ ಲೆಕ್ಕ ಬರೆದಿಟ್ಟಂತೆ. ಎರಡೂ ಕಡೆ ಅಷ್ಟೇ ತೆಗೆ, ಎರಡೂ ಕಡೆ ಅಷ್ಟೇ ಹಾಕು, ಎರಡೂ ಕಡೆ ಅಷ್ಟೇ ಪಾಲು ಮಾಡು. ಸರಳ ಸಮೀಕರಣದ ಕಾನೂನು ಇಷ್ಟೇ, ಎರಡನೆಯದಿಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ‘ಎಕ್ಸ್ ಅಂದ್ರ ಚೀಲ’ ಎಂದು ಮಕ್ಕಳು ಬಾಯಿಪಾಠ ಮಾಡಬಾರದು. ಎಕ್ಸ್ ಎಂದರೆ ಚೀಲದೊಳಗಿನ ನಟ್ಟುಗಳ ಸಂಖ್ಯೆ. ಮಕ್ಕಳು ಅಕ್ಷರವನ್ನು ಸಂಖ್ಯೆ ಎಂದು ತಿಳಿಯದೆ ವಸ್ತು ಎಂದೇ ತಿಳಿಯುತ್ತಾರೆ ಎಂಬುದನ್ನು ಇಂಗ್ಲೆಂಡಿನಲ್ಲಿ ಹನ್ನೊಂದರಿಂದ ಹದಿನಾರು ವಯಸ್ಸಿನ ಮಕ್ಕಳನ್ನು ಪರೀಕ್ಷಿಸಿ 1981ರಲ್ಲಿ ಪ್ರಕಟಿಸಿದ್ದರು. ‘3 ಎ ಅಂದರೆ ಮೂರು ಆಪಲ್’ ಎಂದು ಕಲಿಸುವುದು ಸುಲಭ. ಆದರೆ ಮುಂದೆ ಎ ಮತ್ತು ಬಿ ಗುಣಿಸಿ ಎಂದಾಗ ಆಪಲ್‌ಗೆ ಬಾಳೆಹಣ್ಣು ಗುಣಿಸುವುದು ಹೇಗೆ?

ಪಕ್ಷಾಂತರದ ಅವಸರ

ಬಹಳ ಕಡೆ ಆಗುವುದೇನು? ತಕ್ಕಡಿಯ ಗೋಜಿಗೆ ಹೋಗದೆ ಮೊದಲ ದಿನವೇ ಸೂತ್ರ: ‘ಆ ಕಡೆಯಿಂದ ಈ ಕಡೆಗೆ ತಂದರೆ ಪ್ಲಸ್ ಮೈನಸ್ ಆಗ್ತದ, ಮೈನಸ್ ಪ್ಲಸ್ ಆಗ್ತದ’. ಇದಕ್ಕೆ ಪಕ್ಷಾಂತರ ಎಂಬ ಹೆಸರೂ ಇದೆ. ಪಕ್ಷ ಬದಲಾದ ಕೂಡಲೇ ಚಿಹ್ನೆಯೂ ಬದಲು! ರಾಜಕೀಯದ ಪಕ್ಷಾಂತರಕ್ಕೆ 1985ರಲ್ಲಿ ಸಂವಿಧಾನಕ್ಕೆ 52ನೇ ತಿದ್ದುಪಡಿ ತಂದು ಕಡಿವಾಣ ಹಾಕಿದರು. ಗಣಿತದ ಪಕ್ಷಾಂತರಕ್ಕೆ ಕಡಿವಾಣ ಹಾಕುವವರಿಲ್ಲ.

ಸೂತ್ರ ಸುಳ್ಳಲ್ಲ. ಎರಡೂ ಕಡೆಯಿಂದ ನಾಲ್ಕು ತೆಗೆಯುವುದನ್ನು ಒಂದೇ ಸಾಲಿನಲ್ಲಿ ಬರೆದರೆ ಅದೇ ಪಕ್ಷಾಂತರ. ಅಭ್ಯಾಸವಾದವರಿಗೆ ಅದು ಅಡ್ಡದಾರಿ. ದಾರಿಯನ್ನೇ ನೋಡದವನಿಗೆ ಅಡ್ಡದಾರಿ ತೋರಿಸಿದರೆ ಎಲ್ಲಿಗೋ ಹೋಗಿ ನಿಲ್ಲುತ್ತಾನೆ.

ನಿಲ್ಲುವುದು ಎಲ್ಲಿ ಎಂದರೆ, 3 ಎಕ್ಸ್ = 15 ಎಂಬಲ್ಲಿಗೆ ಬಂದ ಹುಡುಗ ಮೂರನ್ನೂ ಪಕ್ಷಾಂತರ ಮಾಡಿ ಎಕ್ಸ್ = 15 - 3, ಅಂದರೆ 12 ಎಂದು ಬರೆಯುತ್ತಾನೆ. ‘ಹ್ಯಾಂಗ ಬಂತೋ?’ ಎಂದರೆ ‘ಆ ಕಡಿ ಹೋದ್ರ ಮೈನಸ್ ಆಗ್ತದ ಅಂದಿದ್ರಿ ಸರ್’ ಎನ್ನುತ್ತಾನೆ. ಹುಡುಗನದ್ದೇನು ತಪ್ಪು? ಹೇಳಿದ್ದನ್ನು ಪಾಲಿಸಿದ. ಮೂರು ಚೀಲದ ತೂಕ 15 ಎಂಬುದು ಅವನ ಕಣ್ಣ ಮುಂದೆ ಇದ್ದಿದ್ದರೆ ಒಂದು ಚೀಲಕ್ಕೆ 12 ಎಂದು ಯಾವ ಕಾಲಕ್ಕೂ ಬರೆಯುತ್ತಿರಲಿಲ್ಲ.

ಏಳು ಚೀಲ ಎಲ್ಲಿಂದ ಬಂತು?

ತಪ್ಪುಗಳಲ್ಲೂ ಒಂದು ಕ್ರಮವಿದೆ. ಊರು ಯಾವುದಾದರೂ ಮಕ್ಕಳು ಮಾಡುವ ತಪ್ಪು ಹೆಚ್ಚುಕಡಿಮೆ ಅವೇ. ಮಾಸ್ತರು ಕೆಂಪು ಶಾಯಿಯಲ್ಲಿ ಗೀಟು ಹಾಕಿದರೆ ತಪ್ಪು ಹೋಗುವುದಿಲ್ಲ. ಅದರ ಬೇರು ಹುಡುಕಬೇಕು.

ಒಂದು, 3 ಎಕ್ಸ್ + 4 ಎಂಬುದನ್ನು ಕೂಡಿಸಿ 7 ಎಕ್ಸ್ ಎನ್ನುವುದು. ಗಂಜ್‌ನಲ್ಲಿ ಯಾರಾದರೂ ಮೂರು ಚೀಲ ತೊಗರಿ, ಮೇಲೆ ನಾಲ್ಕು ಕೆಜಿ ಬಿಡಿ ತೊಗರಿ ತೂಗಿಸಿ ಏಳು ಚೀಲಕ್ಕೆ ಪಟ್ಟಿ ಬರೆದರೆ ಅಡತಿಯವರು ಸುಮ್ಮನೆ ಬಿಟ್ಟಾರೆಯೇ? ಈ ಮಾತನ್ನು ಕ್ಲಾಸಿನಲ್ಲಿ ಹೇಳಿದರೆ ಮಕ್ಕಳು ನಗುತ್ತಾರೆ. ನಕ್ಕವರು ಮತ್ತೆ ಆ ತಪ್ಪು ಮಾಡುವುದು ಕಡಿಮೆ.

ಎರಡು, ಎಕ್ಸ್ ಬೆಲೆ 5 ಎಂದರೆ 3 ಎಕ್ಸ್ ಬೆಲೆ 35 ಎನ್ನುವುದು! ಮೂರರ ಪಕ್ಕ ಐದು ಇಟ್ಟರೆ ಮೂವತ್ತೈದು ತಾನೇ ಎಂಬುದು ಮಗುವಿನ ತರ್ಕ. ಇಷ್ಟು ವರ್ಷ ಪಕ್ಕಪಕ್ಕ ಬರೆದರೆ ಹತ್ತರ ಸ್ಥಾನ, ಬಿಡಿ ಸ್ಥಾನ ಎಂದು ಕಲಿಸಿದವರು ನಾವೇ. ಬೀಜಗಣಿತದಲ್ಲಿ ಪಕ್ಕಪಕ್ಕ ಬರೆದರೆ ಗುಣಾಕಾರ ಎಂದು ಬಾಯಿಬಿಟ್ಟು ಹೇಳದಿದ್ದರೆ ಮಗುವಿಗೆ ಕನಸು ಬೀಳುತ್ತದೆಯೇ?

ಮೂರು, ಸರಪಳಿ ಲೆಕ್ಕ. 5 + 3 = 8 × 2 = 16 - 4 = 12 ಎಂದು ಒಂದೇ ಉಸಿರಿಗೆ ಬರೆಯುವುದು. ಉತ್ತರ ಸರಿ ಇರಬಹುದು, ಬರೆದದ್ದು ಸುಳ್ಳು. 5 ಮತ್ತು 3 ಕೂಡಿದರೆ 16 ಆಗುವುದಿಲ್ಲ. ದೊಡ್ಡವರೂ ಚೀಟಿಯ ಮೇಲೆ ಹೀಗೇ ಗೀಚುತ್ತಾರೆ, ಅವರಿಗೆ ಅದರಿಂದ ನಷ್ಟವಿಲ್ಲ. ‘=’ ಎಂದರೆ ಬರಾಬರಿ ಎಂದು ಆಗತಾನೇ ಕಲಿಯುತ್ತಿರುವ ಮಗುವಿಗೆ ನಷ್ಟವಿದೆ.

ಈ ಎಲ್ಲ ತಪ್ಪಿಗೂ ಒಂದೇ ಮದ್ದು ತಾಳೆ ನೋಡುವುದು. ರಾತ್ರಿ ಅಂಗಡಿ ಬಾಗಿಲು ಹಾಕುವ ಮುಂಚೆ ಗಲ್ಲೆಯ ರೊಕ್ಕ ಎಣಿಸಿ ಪುಸ್ತಕಕ್ಕೆ ತಾಳೆ ನೋಡದ ವ್ಯಾಪಾರಿ ಉಂಟೇ? ಹಾಗೆಯೇ ಬಂದ ಉತ್ತರವನ್ನು ಮೊದಲ ಸಾಲಿನಲ್ಲಿ ಎಕ್ಸ್ ಇದ್ದ ಕಡೆ ಇಟ್ಟು ನೋಡಬೇಕು. ಮೂರೈದಲೇ ಹದಿನೈದು, ಮೇಲೆ ನಾಲ್ಕು, ಹತ್ತೊಂಬತ್ತು. ಬರಾಬರಿ ಆಯಿತು. 12 ಎಂದವನು ಮೂರು ಹನ್ನೆರಡಲೇ ಮೂವತ್ತಾರು, ಮೇಲೆ ನಾಲ್ಕು, ನಲವತ್ತು ಎಂದು ತಾನೇ ಕಂಡುಕೊಳ್ಳುತ್ತಾನೆ. ಗಣಿತದಲ್ಲಿ ಇದೊಂದು ದೊಡ್ಡ ಅನುಕೂಲ. ಉತ್ತರ ಸರಿಯೋ ತಪ್ಪೋ ಎಂದು ತಿಳಿಯಲು ಮಾಸ್ತರ ಮುಖ ನೋಡಬೇಕಾಗಿಲ್ಲ, ಗೈಡ್ ಕೊಳ್ಳಬೇಕಾಗಿಲ್ಲ. ಬಡವರ ಮನೆಯ ಮಗುವಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇರೆ ಬೇಕೇ?

ಉದ್ರಿ ಲೆಕ್ಕಕ್ಕೆ ತಕ್ಕಡಿ ಸಾಲದು

ತಕ್ಕಡಿ ಎಲ್ಲಕ್ಕೂ ಆಗುವುದಿಲ್ಲ ಎಂಬುದನ್ನೂ ಹೇಳಬೇಕು. ಎಕ್ಸ್ + 8 = 5 ಎಂಬ ಲೆಕ್ಕ ಬಂದರೆ? ಎಂಟು ನಟ್ಟು ಇರುವ ಕಡೆಗೆ ಏನು ಹಾಕಿದರೆ ತೂಕ ಐದಕ್ಕೆ ಇಳಿದೀತು? ತಟ್ಟೆಯಲ್ಲಿ ಇಡಲು ಮೈನಸ್ 3 ನಟ್ಟು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಇಲ್ಲಿಗೆ ತಕ್ಕಡಿ ಬದಿಗಿಟ್ಟು ಉದ್ರಿ ಪುಸ್ತಕ ತೆರೆಯಬೇಕು. ಜೇಬಿನಲ್ಲಿ ಎಂಟು ರೂಪಾಯಿ ಇದೆ, ಸಾಲ ತೀರಿಸಿದ ಮೇಲೆ ಉಳಿದದ್ದು ಐದು. ಹಾಗಾದರೆ ಮೂರು ರೂಪಾಯಿ ಉದ್ರಿ ಇತ್ತು. ಎಕ್ಸ್ ಬೆಲೆ ಮೈನಸ್ 3. ಉದ್ರಿ ಎಂದರೆ ಏನು ಎಂಬುದು ಹಳ್ಳಿಯ ಮಗುವಿಗೆ ಪೇಟೆಯ ಮಗುವಿಗಿಂತ ಚೆನ್ನಾಗಿಯೇ ಗೊತ್ತು.

ಸಾಲದ ಲೆಕ್ಕದಿಂದ ಬೀಜಗಣಿತ ಹೇಳಿಕೊಡುವುದು ಹೊಸ ಉಪಾಯವೇನಲ್ಲ. ಎರಡನೇ ಭಾಸ್ಕರಾಚಾರ್ಯ ಹನ್ನೆರಡನೇ ಶತಮಾನದಲ್ಲಿ ಬರೆದ ‘ಬೀಜಗಣಿತ’ದಲ್ಲೇ ಇಂಥ ಲೆಕ್ಕವಿದೆ. ಒಬ್ಬನ ಬಳಿ 300 ನಾಣ್ಯ, ಆರು ಕುದುರೆ. ಇನ್ನೊಬ್ಬನ ಬಳಿ ಹತ್ತು ಕುದುರೆ, ಆದರೆ ತಲೆಯ ಮೇಲೆ 100 ನಾಣ್ಯ ಸಾಲ. ಕುದುರೆಗಳ ಬೆಲೆ ಎಲ್ಲವೂ ಒಂದೇ. ಇಬ್ಬರ ಆಸ್ತಿಯೂ ಸಮ. ಒಂದು ಕುದುರೆಯ ಬೆಲೆ ಎಷ್ಟು?

ಅಂಗಡಿಯವರು ಪೆನ್ನಿಲ್ಲದೆ ಬಿಡಿಸಬಹುದು. ಇಬ್ಬರಿಂದಲೂ ಆರಾರು ಕುದುರೆ ಬಿಡಿ. ಒಬ್ಬನಿಗೆ 300 ನಾಣ್ಯ ಉಳಿಯಿತು, ಇನ್ನೊಬ್ಬನಿಗೆ ನಾಲ್ಕು ಕುದುರೆ ಮತ್ತು 100ರ ಸಾಲ. ಈಗ ಇಬ್ಬರಿಗೂ ನೂರು ನೂರು ಕೊಡಿ. ಸಾಲಗಾರನ ಸಾಲ ತೀರಿತು, ಅವನ ಬಳಿ ನಾಲ್ಕು ಕುದುರೆ. ಮೊದಲಿನವನ ಬಳಿ 400. ಕುದುರೆಗೆ ನೂರು. ತಾಳೆ ನೋಡಿದರೆ ಇಬ್ಬರ ಆಸ್ತಿಯೂ 900. ‘ಮೈನಸ್ ಈ ಕಡೆ ಬಂದರೆ ಪ್ಲಸ್’ ಎಂಬ ಸೂತ್ರದ ಹಿಂದಿರುವ ಕಾರಣ ಇದೇ. ಸಾಲ ತೀರಿಸಲು ಒಬ್ಬನಿಗೆ ನೂರು ಕೊಟ್ಟರೆ, ಸಮ ಉಳಿಯಬೇಕಾದರೆ ಇನ್ನೊಬ್ಬನಿಗೂ ನೂರು ಕೊಡಬೇಕು.

ಭಾಸ್ಕರಾಚಾರ್ಯನ ಕಾಲಕ್ಕೆ ‘ಎಕ್ಸ್’ ಇರಲಿಲ್ಲ, ‘=’ ಕೂಡ ಇರಲಿಲ್ಲ. ಗೊತ್ತಿಲ್ಲದ ಸಂಖ್ಯೆಗೆ ‘ಯಾವತ್ ತಾವತ್’ ಎಂದು ಹೆಸರು. ಎಷ್ಟೋ ಅಷ್ಟು ಎಂದರ್ಥ. ಬರೆಯುವಾಗ ಚಿಕ್ಕದಾಗಿ ‘ಯಾ’. ಗೊತ್ತಿರುವ ಸಂಖ್ಯೆಗೆ ರೂಪ, ಚಿಕ್ಕದಾಗಿ ‘ರೂ’. ಮೇಲೆ ಹೇಳಿದ ಮೂರು ಚೀಲದ ಲೆಕ್ಕವನ್ನು ಆ ಕಾಲದ ರೀತಿಯಲ್ಲಿ ಬರೆದರೆ ಹೀಗೆ:

ಯಾ 3 ರೂ 4
ಯಾ 0 ರೂ 19

ಒಂದರ ಕೆಳಗೊಂದು ಎರಡು ಪಕ್ಷ, ಎರಡೂ ಸಮ. ಒಂದಕ್ಕಿಂತ ಹೆಚ್ಚು ಗೊತ್ತಿಲ್ಲದ ಸಂಖ್ಯೆಗಳು ಬಂದರೆ ಬಣ್ಣಗಳ ಹೆಸರು: ಕಾಲಕ ಎಂದರೆ ಕಪ್ಪು, ನೀಲಕ ಎಂದರೆ ನೀಲಿ. ‘ಎಕ್ಸ್’ ಎಂಬುದು ಇಂಗ್ಲಿಷ್ ವಿದ್ಯೆ, ನಮಗೆ ಬಾರದು ಎನ್ನುವ ಮಕ್ಕಳಿಗೆ ಈ ‘ಯಾ’ವನ್ನೂ ‘ರೂ’ವನ್ನೂ ಒಮ್ಮೆ ತೋರಿಸಿದರೆ ಅರ್ಧ ಹೆದರಿಕೆ ಇಳಿದೀತು.

ಮಳಖೇಡದ ನೆಲದವರು

ಇನ್ನೊಂದು ಮಾತು. ಸೇಡಂ ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ಕಾಗಿಣಾ ದಡದ ಮಳಖೇಡ ಗೊತ್ತು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅದೇ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಗ್ರಂಥದ ಮೊದಲಲ್ಲೇ ದೊರೆಯ ಹೊಗಳಿಕೆ ಇದೆ. ವ್ಯಾಪಾರಕ್ಕೆ, ಅಡುಗೆಗೆ, ವೈದ್ಯಕ್ಕೆ, ಸಂಗೀತಕ್ಕೆ, ಮನೆ ಕಟ್ಟುವುದಕ್ಕೆ ಯಾವುದಕ್ಕೂ ಲೆಕ್ಕವಿಲ್ಲದೆ ಆಗದು ಎಂಬ ಅರ್ಥದ ಮಾತುಗಳಿವೆ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದ ಮೇಲೆ ಹೊರದೇಶದ ವಿದ್ವಾಂಸರೂ ಅದನ್ನು ಓದಿದರು.

ಅಮೋಘವರ್ಷ ಪಟ್ಟಕ್ಕೆ ಬಂದ ಕೆಲವೇ ವರ್ಷಗಳಲ್ಲಿ, ಸುಮಾರು 820ರಲ್ಲಿ, ಅತ್ತ ಬಾಗ್ದಾದಿನಲ್ಲಿ ಅಲ್ ಖ್ವಾರಿಜ್ಮಿ ಎಂಬ ಪಂಡಿತ ಬರೆದ ಪುಸ್ತಕದ ಹೆಸರಿನಿಂದಲೇ ಆಲ್ಜಿಬ್ರಾ ಎಂಬ ಮಾತು ಹುಟ್ಟಿತು. ‘ಅಲ್ ಜಬ್ರ್’ ಎಂದರೆ ಮುರಿದದ್ದನ್ನು ಕೂಡಿಸುವುದು. ಸ್ಪೇನ್ ದೇಶದಲ್ಲಿ ಎಲುಬು ಕೂಡಿಸುವ ನಾಟಿ ವೈದ್ಯನಿಗೂ ಅದೇ ಮಾತಿನಿಂದ ಹೆಸರು ಬಂತು. ಕುದುರೆ ಲೆಕ್ಕದಲ್ಲಿ 100ರ ಸಾಲ ತೀರಿಸಿದ್ದು ಇದೇ ಜಬ್ರ್. ಹೀಗೆ ಒಂದು ಕಡೆ ಬಾಗ್ದಾದ್, ಒಂದು ಕಡೆ ಮಾನ್ಯಖೇಟ. ಅಂಥ ನೆಲದ ಮಕ್ಕಳು ಇಂದು ಪಟ್ಟಿಯ ಕೊನೆಯಲ್ಲಿ ನಿಂತರೆ ಕೇಳುವವರು ಯಾರು?

ಬಸ್ಸಿನ ಲೆಕ್ಕ

ಸಮೀಕರಣ ಬಿಡಿಸಲು ಕಲಿತ ಮಗುವಿಗೂ ಇನ್ನೊಂದು ಗಂಡಾಂತರ ಕಾದಿರುತ್ತದೆ. ಅದು ಹೇಳಿಕೆ ಲೆಕ್ಕ. ಮಾತಿನಲ್ಲಿ ಕೊಟ್ಟದ್ದನ್ನು ಸಮೀಕರಣವಾಗಿ ಬರೆಯುವುದು ಬಿಡಿಸುವುದಕ್ಕಿಂತ ಕಷ್ಟ.

ಇಲ್ಲಿಯೂ ಪುಸ್ತಕದ ‘ರಾಮನ ವಯಸ್ಸು ಸೋಮನ ವಯಸ್ಸಿನ ಎರಡರಷ್ಟು’ ಎಂಬಲ್ಲಿಂದ ಶುರು ಮಾಡುವ ಬದಲು ದಿನನಿತ್ಯದ ಬಸ್ಸು ಸಾಕು. ಇಬ್ಬರು ಗಂಡಸರು ನೂರರ ನೋಟು ಕೊಟ್ಟರು, ಕಂಡಕ್ಟರ್ 44 ರೂಪಾಯಿ ಮರಳಿ ಕೊಟ್ಟ. ಟಿಕೆಟ್ ಎಷ್ಟು? ಎರಡು ಟಿಕೆಟ್, ಮೇಲೆ 44, ಒಟ್ಟು 100. ಅಂದರೆ 2 ಎಕ್ಸ್ + 44 = 100. ಟಿಕೆಟ್ 28. ಚಿಲ್ಲರೆ ಇಲ್ಲದೆ ಟಿಕೆಟ್ ಹಿಂದೆ ಬಾಕಿ ಬರೆದು ಕೊಡುವ ಕಂಡಕ್ಟರ್ ಕೂಡ ಈ ಲೆಕ್ಕವನ್ನೇ ಮಾಡುತ್ತಾನೆ, ಹೆಸರು ಮಾತ್ರ ಹೇಳುವುದಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ: ಗಂಡ, ಹೆಂಡತಿ, ಹತ್ತು ವರ್ಷದ ಮಗ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಡತಿಯ ಟಿಕೆಟ್ ಶೂನ್ಯ. ಗಂಡನಿಗೆ ಪೂರ್ತಿ, ಮಗನಿಗೆ ಅರ್ಧ. ಒಟ್ಟು 60 ರೂಪಾಯಿ ಆಯಿತು. ಪೂರ್ತಿ ಟಿಕೆಟ್ ಎಷ್ಟು? ಒಂದೂವರೆ ಎಕ್ಸ್ 60ಕ್ಕೆ ಬರಾಬರಿ. ಎರಡೂ ಕಡೆ ಎರಡರಷ್ಟು ಮಾಡಿದರೆ ಮೂರು ಎಕ್ಸ್ 120ಕ್ಕೆ ಬರಾಬರಿ. ಟಿಕೆಟ್ 40. ಭಿನ್ನರಾಶಿಯ ಸಮೀಕರಣವೂ ಬಸ್ಸಿನಲ್ಲೇ ಮುಗಿಯಿತು.

ಮಾತನ್ನು ಬರವಣಿಗೆಗೆ ಇಳಿಸುವಾಗ ದೊಡ್ಡವರೂ ತಪ್ಪುತ್ತಾರೆ. ‘ಒಬ್ಬ ಪ್ರಾಧ್ಯಾಪಕರಿಗೆ ಆರು ವಿದ್ಯಾರ್ಥಿಗಳು’ ಎಂಬುದನ್ನು ಸಮೀಕರಣವಾಗಿ ಬರೆಯಿರಿ ಎಂದು ಅಮೆರಿಕದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ 1980ರ ಸುಮಾರಿಗೆ ಕೊಟ್ಟಾಗ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಮಂದಿ ತಪ್ಪಿದರು. ವಿದ್ಯಾರ್ಥಿಗಳಿಗೆ ‘ಎಸ್’, ಪ್ರಾಧ್ಯಾಪಕರಿಗೆ ‘ಪಿ’ ಎಂದು ಇಟ್ಟುಕೊಂಡು ‘6 ಎಸ್ = ಪಿ’ ಎಂದು ಬರೆದವರೇ ಬಹಳ. ಮಾತಿನ ಕ್ರಮದಲ್ಲೇ ಬರೆದುಬಿಟ್ಟರು. ಹತ್ತು ಪ್ರಾಧ್ಯಾಪಕರಿದ್ದರೆ ಅರವತ್ತು ವಿದ್ಯಾರ್ಥಿಗಳು, ಆದ್ದರಿಂದ ‘ಎಸ್ = 6 ಪಿ’ ಎಂದಾಗಬೇಕು. ಒಂದು ಸಂಖ್ಯೆ ಹಾಕಿ ತಾಳೆ ನೋಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಅಂಥವರೇ ತಪ್ಪುವಾಗ ಹನ್ನೆರಡು ವರ್ಷದ ಮಗು ತಪ್ಪಿದರೆ ಬೆನ್ನಿಗೆ ಗುದ್ದಬೇಕಾಗಿಲ್ಲ.

ಗಂಜ್‌ನವರು ಏನು ಮಾಡಬಹುದು?

‘ತಕ್ಕಡಿ ಹಿಡ್ಕೊಂಡು ಕುಂತ್ರ ಪೋರ್ಶನ್ ಮುಗಿಯಲ್ರಿ’ ಎಂಬುದು ಮಾಸ್ತರರ ಮಾತು. ಅವರ ಕಷ್ಟವೂ ಸುಳ್ಳಲ್ಲ. ಒಂದು ಕಡೆ ಪಾಠ, ಇನ್ನೊಂದು ಕಡೆ ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ ಕೆಲಸ. ಆದರೆ ತಕ್ಕಡಿಗೆ ಬೇಕಾದದ್ದು ಎರಡೇ ಪೀರಿಯಡ್. ಆ ಎರಡು ಪೀರಿಯಡ್ ಉಳಿಸಲು ಹೋಗಿ ಎಂಟು, ಒಂಬತ್ತು, ಹತ್ತನೇ ಕ್ಲಾಸಿನಲ್ಲಿ ಅದೇ ಪಾಠ ಮತ್ತೆ ಮತ್ತೆ ಹೇಳುವುದು ಯಾವ ಉಳಿತಾಯ?

ಗಂಜ್‌ನ, ಸೂಪರ್ ಮಾರ್ಕೆಟ್‌ನ, ತಾಲ್ಲೂಕು ಪೇಟೆಗಳ ವ್ಯಾಪಾರಸ್ಥರಿಗೂ ಒಂದು ಮಾತು. ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೆ ಹಳೇ ತಕ್ಕಡಿ ಬಹಳ ಜನರ ಅಟ್ಟದ ಮೇಲೆ ತುಕ್ಕು ಹಿಡಿಯುತ್ತಿದೆ. ಸರ್ಕಾರಿ ಮುದ್ರೆ ಇಲ್ಲದ ತಕ್ಕಡಿ ವ್ಯಾಪಾರಕ್ಕೆ ಬಾರದು, ಪಾಠಕ್ಕೆ ಬಂದೀತು. ಗುಜರಿಗೆ ಹಾಕಿದರೆ ಸಿಗುವುದು ನಾಲ್ಕು ಕಾಸು. ಒರೆಸಿ, ಮುಳ್ಳು ಸರಿ ಮಾಡಿ, ಹತ್ತಿರದ ಸರ್ಕಾರಿ ಸಾಲಿಗೆ ಕೊಟ್ಟರೆ ವರ್ಷಕ್ಕೆ ಐವತ್ತು ಅರವತ್ತು ಮಕ್ಕಳು ಅದರ ಮೇಲೆ ಕಲಿಯುತ್ತಾರೆ. ಒಂದು ಡಬ್ಬಿ ನಟ್ಟು ಜೊತೆಗೆ ಕೊಟ್ಟರೆ ಇನ್ನೂ ಒಳ್ಳೆಯದು.

ಕೊಡಲು ತಕ್ಕಡಿ ಇಲ್ಲದವರು ಮಗನನ್ನೋ ಮಗಳನ್ನೋ ಸಂಜೆ ಗಲ್ಲೆಯ ಪಕ್ಕ ಅರ್ಧ ಗಂಟೆ ಕೂಡಿಸಿಕೊಳ್ಳಬಹುದು. ‘ಐದು ಕೆಜಿ ಅಕ್ಕಿ, ನಲವತ್ತು ರೂಪಾಯಿ ಸೋಪು, ಒಟ್ಟು ಮುನ್ನೂರು ಆತು. ಅಕ್ಕಿ ಕೆಜಿಗೆ ಎಷ್ಟು ಹೇಳವ್ವಾ?’ ಎಂದು ಕೇಳಿದರೆ ಸಾಕು. ನಲವತ್ತು ತೆಗೆದು, ಉಳಿದ 260ನ್ನು ಐದು ಪಾಲು ಮಾಡಿ 52 ಎಂದು ಹೇಳಿದ ಮಗುವಿಗೆ, ‘ನೋಡು, ನೀ ಈಗ ಮಾಡಿದ್ದೇ ಆಲ್ಜಿಬ್ರಾ’ ಎಂದು ಹೇಳುವುದನ್ನು ಮರೆಯಬಾರದು. ಬಹಳ ಮನೆಗಳಲ್ಲಿ ಹೇಳುವುದು ಇದರ ತಿರುಗಾಮುರುಗಾ: ‘ನಮಗೂ ಬರ್ತಿರಲಿಲ್ಲ ಬಿಡು, ನಮ್ಮ ಮನಿತನದಾಗ ಯಾರಿಗೂ ಲೆಕ್ಕ ಹತ್ತಂಗಿಲ್ಲ.’ ದಿನಕ್ಕೆ ನೂರು ಗಿರಾಕಿಯ ಲೆಕ್ಕ ಬಾಯಲ್ಲೇ ಮುಗಿಸುವವರು ಹೇಳುವ ಮಾತೇ ಇದು?

ಶಿಕ್ಷಣ ಇಲಾಖೆಯವರು ಫಲಿತಾಂಶ ಬಂದ ಮೇಲೆ ಹತ್ತನೇ ಕ್ಲಾಸಿನವರಿಗೆ ರಾತ್ರಿ ತರಗತಿ, ವಿಶೇಷ ತರಗತಿ ಎಂದು ಓಡಾಡುತ್ತಾರೆ. ಓಡಾಡಲಿ. ಜೊತೆಗೆ ಏಳನೇ ಕ್ಲಾಸಿನ ಕೋಣೆಗಳಲ್ಲಿ ಒಂದೊಂದು ತಕ್ಕಡಿ ಇದೆಯೇ ಎಂದು ನೋಡಿದರೆ ಮೂರು ವರ್ಷದ ನಂತರದ ಓಟ ಅಷ್ಟಾದರೂ ಕಡಿಮೆಯಾದೀತು. ಸಂಬಂಧಪಟ್ಟವರು ಗಮನ ಕೊಡಲಿ. ಅವರು ಕೊಡುವವರೆಗೆ ಅಟ್ಟದ ಮೇಲಿನ ತಕ್ಕಡಿ ಕೆಳಗಿಳಿಯಲು ಯಾರ ಆರ್ಡರೂ ಬೇಕಾಗಿಲ್ಲ.